ನಿಮ್ಮ ಪ್ರಶ್ನೆ, ನಮ್ಮ ಉತ್ತರ: ನ್ಯಾಟ್ ಕಿಂಗ್ ಕೋಲ್ ಹಾಡಿನಾಗ ಏನೈತಿ?

ಹೋದ ಸಂಚಿಕೆಯೊಳಗ ಅಮೆರಿಕದ ಜಾಝ್ ಹಾಡುಗಾರ ನ್ಯಾಟ್ ಕಿಂಗ್ ಕೋಲ್ ಬಗ್ಗೆ ನಾಕು ಸಾಲು ಬರದಿದ್ದೆ. ಅದನ್ನ ಓದಿ ಭಾಳ ಮಂದಿ ಪ್ರಶ್ನೆ ಕಳಿಸ್ಯಾರ, ಅದಕ್ಕ ಈ ಸಲ ಪೂರ್ತಿ ಅಂಕಣ ಅವರಿಗೇ.

ಪ್ರಶ್ನೆ: ಸರ್, ನೀವು ಬರದದ್ದು ನೋಡಿ ಯೂಟ್ಯೂಬ್‌ನಾಗ ಕೇಳಿದೆ. ತಾನ್ (ಸ್ವರಗಳ ವೇಗದ ಓಟ) ಇಲ್ಲ, ತಾರ ಸಪ್ತಕ (ಮ್ಯಾಲಿನ ಸ್ವರಗಳು) ಇಲ್ಲ, ಮಾತಾಡಿದಂಗ ಹಾಡ್ತಾರ. ಭೀಮಸೇನ ಜೋಶಿಯವರನ್ನ ಕೇಳಿ ಬೆಳದ ಕಿವಿಗೆ ಸಪ್ಪಗ ಅನಸ್ತು. ಇದರಾಗ ದೊಡ್ಡದೇನೈತ್ರಿ? (ಓದುಗರು, ವಿದ್ಯಾನಗರ, ಹುಬ್ಬಳ್ಳಿ)

ಉತ್ತರ: ಸಪ್ಪಗ ಅನಸೋದು ಸಹಜ ಐತ್ರಿ, ಯಾಕಂದ್ರ ಜೋಶಿಯವರು ಪೆಂಡಾಲಿನ ಕಡೀ ಸಾಲಿನಾಗ ಕುಂತಾಂವಗೂ ಮುಟ್ಟೂ ಹಂಗ ಹಾಡಿದವರು, ಕೋಲ್ ಹಾಡಿದ್ದು ಮೈಕಿಗೆ. ಮೈಕ್ ಹತ್ರ ಬಾಯಿ ಇಟ್ರ ದನಿಯೊಳಗಿನ ಖರ್ಜದ (ಕೆಳಗಿನ ಸ್ವರದ) ಭಾಗ ದಪ್ಪ ಆಗಿ ಕೇಳತೈತಿ, ಮೆಲ್ಲಗ ಅಂದದ್ದೂ ತುಂಬಿ ಬರತೈತಿ, ಆದ್ರ ಅದರ ಜೊತೀಗೆ ಉಸಿರಿನ ಸಪ್ಪಳ, ಅಕ್ಷರದ ಒರಟುತನ, ಸ್ವರದ ಸಣ್ಣ ನಡುಕ ಎಲ್ಲಾ ಬಯಲಿಗೆ ಬೀಳತೈತಿ. ಜೋರಾಗಿ ಹಾಡುವಾಗ ಮುಚ್ಚಿ ಹೋಗೋ ತಪ್ಪು ಇಲ್ಲಿ ಮುಚ್ಚೂದಿಲ್ಲ. ಕೋಲ್ ಅವರ ಹಾಡು ಇಯರ್‌ಫೋನ್ ಹಾಕ್ಕೊಂಡು ಕೇಳ್ರಿ, ಉಸಿರು ಎಲ್ಲಿ ತಗೊಂಡ್ರು ಅಂತ ಹುಡುಕ್ರಿ, ಸಿಗೂದು ಕಷ್ಟ.

ಇನ್ನೊಂದು ಮಾತು ಲಯದ್ದು. ಅವರು ಸಾಲನ್ನ ತಾಳದ ಪೆಟ್ಟಿಗೆ ಸರಿಯಾಗಿ ಎತ್ತೂದಿಲ್ಲ, ಒಂದು ಕೂದಲೆಳೆ ತಡಾ ಮಾಡಿ ಎತ್ತತಾರ, ನಡುವ ಎಳೀತಾರ, ಕಡೀಕ ಹೋಗಿ ಕೂಡ್ತಾರ. ಬಡಾ ಖ್ಯಾಲ್‌ದಾಗ, ಅಂದ್ರ ಹಿಂದೂಸ್ತಾನಿಯ ಸಾವಕಾಶ ಹಾಡಿಕಿಯೊಳಗ, ಮುಖಡಾನ (ಹಾಡಿನ ಮೊದಲ ತುಣುಕು) ಹಿಂದ ಎಳದು ಎಳದು ಕರೆಕ್ಟಾಗಿ ಸಮ್‌ಗೆ (ತಾಳದ ಮೊದಲ ಪೆಟ್ಟಿಗೆ) ತಂದು ಇಟ್ಟಾಗ ನಾವು 'ಆಹಾ' ಅಂತೀವಲ್ಲ, ಆ ಸುಖ ಇಲ್ಲೂ ಐತಿ, ಆದ್ರ ಎರಡು ಮೂರು ಸೆಕೆಂಡಿನಾಗ ಮುಗದು ಹೋಗತೈತಿ, ಕಿವಿ ಚುರುಕ್ ಇರಬೇಕು. 1951ರಾಗ ರೆಕಾರ್ಡ್ ಆದ 'ಅನ್‌ಫರ್ಗೆಟಬಲ್' ಹಚ್ಚಿ ಬರೇ ಆ ಮೊದಲ ಶಬ್ದ ಕೇಳ್ರಿ. ಸ್ವರ ಮ್ಯಾಲೆ ಏರಿಸಿ ತೋರಸೂ ಆಸೇನ ಇಲ್ಲ, ಒಂದೊಂದು ಅಕ್ಷರ ಬಿಡಿಬಿಡಿಯಾಗಿ ಸ್ವಚ್ಛ ಕೇಳತೈತಿ, ಆದ್ರ ಯಾವದೂ ಕುಕ್ಕೂದಿಲ್ಲ. ಇಂಗ್ಲಿಷ್ ಅಷ್ಟಕ್ಕಷ್ಟ ಬರೋ ನಮ್ಮಂಥವರಿಗೂ ಸಾಹಿತ್ಯ ತಿಳಿತೈತಿ ಅಂದ್ರ ಅದು ಸಣ್ಣ ಸಾಧನೆ ಅಲ್ರಿ.

ಪ್ರಶ್ನೆ: ಕೋಲ್ ಮೊದಲ ಪಿಯಾನೋ ವಾದಕ ಆಗಿದ್ದರಂತ, ದುಡ್ಡಿನ ಸಲುವಾಗಿ ಜಾಝ್ ಬಿಟ್ಟು ಪಾಪ್ ಹಾಡು ಹಿಡದ್ರು ಅಂತ ನಮ್ಮ ಮಾವನವರು ಹೇಳ್ತಾರ. ಖರೇ ಏನ್ರಿ? (ಓದುಗರು, ರಾಣೆಬೆನ್ನೂರು, ಹಾವೇರಿ ಜಿಲ್ಲಾ)

ಉತ್ತರ: ಅರ್ಧ ಖರೇ. ಹುಟ್ಟಿದ್ದು 1919ರಾಗ ಅಲಬಾಮಾದ ಮಾಂಟ್ಗೊಮರಿಯೊಳಗ, ಬೆಳದದ್ದು ಶಿಕಾಗೋದಾಗ. ಅಪ್ಪ ಚರ್ಚಿನ ಪಾದ್ರಿ, ಅವ್ವ ಚರ್ಚಿನಾಗ ಆರ್ಗನ್ ನುಡಸ್ತಿದ್ರು, ಶಿಕಾಗೋದಾಗನ ಜಾಝ್ ವಾದಕ ಅರ್ಲ್ ಹೈನ್ಸ್ ಅವರ ಪಿಯಾನೋ ಕೇಳಿ ಹುಚ್ಚು ಹತ್ತಿತು. 1937ರಾಗ ಲಾಸ್ ಏಂಜಲೀಸ್‌ದಾಗ ಮೂವರ ತಂಡ ಕಟ್ಟಿದ್ರು: ಪಿಯಾನೋ ಇವರದು, ಗಿಟಾರ್ ಆಸ್ಕರ್ ಮೂರ್ ಅವರದು, ಬಾಸ್ ವೆಸ್ಲಿ ಪ್ರಿನ್ಸ್ ಅವರದು. ಡ್ರಮ್ ಇಲ್ಲ. ಈ ಡ್ರಮ್ ಇಲ್ಲದ್ದು ಭಾಳ ಮುಖ್ಯ ಅಂತ ನನಗ ಅನಸತೈತಿ, ಯಾಕಂದ್ರ ಸದ್ದಿನ ಮ್ಯಾಲೆ ಕೂಗಿ ಹಾಡೂ ಗರಜು ಬೀಳಲಿಲ್ಲ, ಲಯ ಗಿಟಾರ್-ಬಾಸ್‌ನಾಗ ಸಾಗತಿತ್ತು, ಅವರು ಸಾವಕಾಶ ಸಾಲು ಅಂದು, ಸಾಲು ಮುಗದ ಕೂಡಲೇ ಖಾಲಿ ಜಾಗಾದಾಗ ಪಿಯಾನೋಲೆ ಒಂದು ತುಣುಕು ಹಾಕ್ತಿದ್ರು, ನಮ್ಮಲ್ಲಿ ಪೇಟಿ (ಹಾರ್ಮೋನಿಯಂ) ಸಾಥಿಯವರು ಹಾಕೂ ಹಂಗ. ಹಾಡೋದೂ ಅವರ, ಸಾಥ್ ಕೊಡೋದೂ ಅವರ. ಆಮ್ಯಾಲೆ ಆರ್ಟ್ ಟೇಟಮ್, ಆಸ್ಕರ್ ಪೀಟರ್ಸನ್ ಅಂಥ ಪಿಯಾನೋ ಘಟಾನುಘಟಿಗಳು ಇದೇ ನಮೂನಿ ಮೂವರ ತಂಡ ಕಟ್ಟಿದ್ರು ಅಂದ್ರ ವಾದಕರಾಗಿ ಅವರ ಎತ್ತರ ತಿಳೀರಿ.

1943ರಾಗ 'ಸ್ಟ್ರೇಟನ್ ಅಪ್ ಅಂಡ್ ಫ್ಲೈ ರೈಟ್' ರೆಕಾರ್ಡ್ ಆತು. ಹದ್ದು ಮಂಗ್ಯಾನ ಬೆನ್ನಮ್ಯಾಲೆ ಕೂಡಿಸಿಕೊಂಡು ಹಾರೂ ಕಥಿ, ಅವರಪ್ಪ ಪ್ರವಚನದಾಗ ಹೇಳತಿದ್ದದ್ದು. ಅದು ಹಿಟ್ ಆದ ಮ್ಯಾಲೆ ಮಂದಿ ದನೀನ ಕೇಳಾಕ ಹತ್ತಿದ್ರು. 1948ರ 'ನೇಚರ್ ಬಾಯ್', 1950ರ 'ಮೋನಾ ಲೀಸಾ' ಹೊತ್ತಿಗೆ ಹಿಂದ ದೊಡ್ಡ ವಾದ್ಯವೃಂದ ಬಂತು, ಪಿಯಾನೋ ಮುಂದ ಕುಂದರೋದು ಕಡಿಮಿ ಆತು. ಜಾಝ್ ಮಂದಿ ಸಿಟ್ಟಾದ್ರು, ನನಗೂ ಆ ಪಿಯಾನೋ ತಪ್ಪಿದ್ದಕ್ಕ ಹಳಹಳಿ ಐತಿ, ಆದ್ರ ದುಡ್ಡಿಗೆ ಜಾಝ್ ಬಿಟ್ರು ಅನ್ನೋದು ಅನ್ಯಾಯ, ಬೆರಳಿನಾಗ ಇದ್ದ ಜಾಝ್ ದನಿಯೊಳಗ ಬಂದಿತ್ತು.

ಪ್ರಶ್ನೆ: ನಾನು ಹಿಂದೂಸ್ತಾನಿ ಕಲಿಯಾಕತ್ತೀನಿ. ದನಿ ಭಾಳ ಕೆಳಗಿಂದು, ಮ್ಯಾಲಿನ ಷಡ್ಜ ಮುಟ್ಟೂದರಾಗ ಗಂಟಲ ಹರೀತೈತಿ. ನಿನ್ನ ದನಿ ಹಾಡಕಿಗೆ ಅಲ್ಲ ಅಂತಾರ. ಕೋಲ್ ಸಿಗರೇಟ್ ಸೇದೇ ದನಿ ಹಂಗ ಮಾಡಿಕೊಂಡಿದ್ರು ಅಂತ ಗೆಳ್ಯಾ ಹೇಳಿದ, ಹೌದೇನ್ರಿ? (ವಿದ್ಯಾರ್ಥಿ, ಗದಗ)

ಉತ್ತರ: ತಮ್ಮಾ, ಮೊದಲ ಸಿಗರೇಟಿನ ಮಾತು. ಕೋಲ್ ವಿಪರೀತ ಸೇದತಿದ್ರು, ಅದರಿಂದ ದನಿಗೆ ಚಲೋ ಆಗತೈತಿ ಅಂತ ನಂಬಿದ್ರು ಅಂತಾರ. 1965ರ ಫೆಬ್ರುವರಿ 15ಕ್ಕ ಪುಪ್ಪುಸದ ಕ್ಯಾನ್ಸರ್‌ನಿಂದ ತೀರಿಕೊಂಡ್ರು, ವಯಸ್ಸು ಬರೇ 45. ಗೆಳ್ಯಾಗ ಇಷ್ಟು ಹೇಳು ಸಾಕು.

ಇನ್ನ ದನಿ. ಗಂಗೂಬಾಯಿ ಹಾನಗಲ್ ಅವರ ದನಿ ಗಂಟಲಿನ ಚಿಕಿತ್ಸಾ ಆದ ಮ್ಯಾಲೆ ಗಂಡಸರ ದನಿ ಹಂಗ ದಪ್ಪ ಆತು, ಅದೇ ದನಿಯೊಳಗ ಅವರು ಕಿರಾಣಾ ಘರಾಣೆದ (ಹಿಂದೂಸ್ತಾನಿಯ ಒಂದು ಪರಂಪರೆ) ದೊಡ್ಡ ಗಾಯಕಿ ಆದ್ರು, ನಿಮ್ಮ ಬಾಜೂ ಹುಬ್ಬಳ್ಳಿಯೊಳಗನ. ನಿನ್ನ ಗುರುಗಳನ್ನ ಕೇಳಿ ಶ್ರುತಿ ಇಳಿಸಿಕೋ, ಅದಕ್ಕ ನಾಚಿಕಿ ಯಾಕ? ಮುಂಜಾನಿ ಮಂದ್ರದ (ಕೆಳಗಿನ ಸಪ್ತಕದ) ಸ್ವರ ಮೆಲ್ಲಗ, ಒತ್ತಡ ಹಾಕದ ನಿಲ್ಲಿಸು. ಆಮ್ಯಾಲೆ ಒಂದು ವಚನ ತಗೊಂಡು, ಮೊಬೈಲ್ ಒಂದು ಗೇಣು ದೂರ ಇಟ್ಟು, ಎದುರಿಗೆ ಕುಂತಾಂವಗ ಹೇಳಿದಂಗ ಹಾಡಿ ರೆಕಾರ್ಡ್ ಮಾಡು. ಸಾಲಿನ ಕಡೀ ಅಕ್ಷರ ನುಂಗಿಯೋ, ಉಸಿರು ಶಬ್ದದ ನಡುವ ಮುರದೈತೋ, ಅಷ್ಟ ನೋಡು. ಕೋಲ್ ಅವರಿಂದ ನೀನು ತಗೋಬೇಕಾದ್ದು ಇದು.

ಪ್ರಶ್ನೆ: ಕೋಲ್ ಸ್ಪ್ಯಾನಿಷ್‌ನಾಗೂ ಹಾಡ್ಯಾರ. ಭಾಷಾ ಬರತಿತ್ತೇನ್ರಿ? (ಓದುಗರು, ಲಕ್ಷ್ಮೇಶ್ವರ)

ಉತ್ತರ: ಬರತಿರಲಿಲ್ಲ. ಉಚ್ಚಾರ ಕೇಳಿ ಕೇಳಿ ಕಲತು ಹಾಡಿದ್ರು, 1958ರಾಗ 'ಕೋಲ್ ಎಸ್ಪಾನ್ಯೋಲ್' ರೆಕಾರ್ಡ್ ಬಂತು, ಲ್ಯಾಟಿನ್ ಅಮೆರಿಕದ ಮಂದಿ ಎದಿಗೆ ಹಚ್ಚಿಕೊಂಡ್ರು. ಉಚ್ಚಾರ ಅಷ್ಟೇನ ಪಕ್ಕಾ ಇಲ್ಲ.

ಪ್ರಶ್ನೆ: ಅಷ್ಟು ಹೆಸರು ಮಾಡಿದವರ ಟಿವಿ ಕಾರ್ಯಕ್ರಮ ಒಂದೇ ವರ್ಷದಾಗ ಯಾಕ ನಿಂತಿತು? (ಓದುಗರು, ಸಪ್ತಾಪುರ, ಧಾರವಾಡ)

ಉತ್ತರ: ಮೈಬಣ್ಣದ ಸಲುವಾಗಿ, ಕೋಲ್ ಕಪ್ಪು ವರ್ಣದವರು. ಎನ್‌ಬಿಸಿ ಚಾನೆಲ್‌ನಾಗ 1956ರ ನವೆಂಬರ್‌ಕ್ಕ ಶುರು ಆತು, ಗಾಯಕಿ ಎಲಾ ಫಿಟ್ಸ್‌ಜೆರಲ್ಡ್ ಅಂಥವರು ಬಂದು ಹಾಡಿದ್ರು, ಆದ್ರ ಕರಿಯರು ನಡಸೂ ಕಾರ್ಯಕ್ರಮಕ್ಕ ತಮ್ಮ ಹೆಸರು ಹಾಕಿದ್ರ ದಕ್ಷಿಣದ ರಾಜ್ಯಗಳಾಗ ಮಾಲು ಖರ್ಚಾಗೂದಿಲ್ಲ ಅಂತ ಅಂಜಿ ದೇಶದ ಒಂದು ದೊಡ್ಡ ಕಂಪನಿನೂ ಪ್ರಾಯೋಜಕ ಆಗಲಿಲ್ಲ. 1957ರ ಡಿಸೆಂಬರ್‌ಕ್ಕ ಮುಗೀತು. ಅದೇ 1956ರ ಏಪ್ರಿಲ್‌ನಾಗ, ತಾವು ಹುಟ್ಟಿದ ಅಲಬಾಮಾದಾಗನ, ಬರ್ಮಿಂಗ್‌ಹ್ಯಾಮ್ ಊರಾಗ ಹಾಡುವಾಗ ವರ್ಣದ್ವೇಷಿಗಳು ಸ್ಟೇಜ್ ಹತ್ತಿ ಅವರನ್ನ ಕೆಳಗ ಕೆಡವಿದ್ರು. ಮೆದು ಹಾಡಿನ ಮನಿಷಾ ಆರಾಮ ಬದುಕಿದ ಅಂತ ತಿಳಿಯೋರು ಇದನ್ನ ತಿಳ್ಕೋಬೇಕು, ನನಗಂತೂ ಬರಿಯುವಾಗ ಹೊಟ್ಟಿ ಉರೀತೈತಿ.

ಪ್ರಶ್ನೆ: ಎಲ್ಲಿಂದ ಶುರು ಮಾಡಬೇಕ್ರಿ? (ಭಾಳ ಮಂದಿ ಕೇಳ್ಯಾರ)

ಉತ್ತರ: 1957ರ 'ಆಫ್ಟರ್ ಮಿಡ್‌ನೈಟ್' ಆಲ್ಬಮ್ ಹಚ್ಚರಿ. ಅದರಾಗ ಅವರು ತಿರುಗಿ ಪಿಯಾನೋ ಮುಂದ ಕುಂತಾರ, ಹಾಡೂ ಐತಿ, ಸ್ಟಫ್ ಸ್ಮಿತ್ ಅವರ ಪಿಟೀಲೂ ಐತಿ, ಪಿಟೀಲು ಕಲಿಯೋರು ಅದನ್ನ ಬಿಡಬಾರದು. ಅದು ಹಿಡಿಸಿದ್ರ 1940ರ ದಶಕದ ಮೂವರ ತಂಡದ ರೆಕಾರ್ಡಿಗೆ ಹೋಗ್ರಿ. ದೊಡ್ಡ ವಾದ್ಯವೃಂದದ ಹಾಡು ಕಡೀಕ ಕೇಳ್ರಿ.