ಲಿನಕ್ಸ್ ಕರ್ನಲ್ ಬೂಟ್ ಆಗುವಾಗಲೇ ಹಾಟ್‌ಪ್ಲಗ್ ಮೆಮೊರಿಯನ್ನು ಪ್ರತ್ಯೇಕವಾಗಿ ಗುರುತಿಸುವುದು ಏಕೆ?

ಹಾಟ್‌ಪ್ಲಗ್ ಮೆಮೊರಿ ಎಂದರೆ ಯಂತ್ರ ಓಡುತ್ತಿರುವಾಗಲೇ ಸೇರಿಸಬಹುದಾದ, ಕಳಚಬಹುದಾದ ಮೆಮೊರಿ. ಹಾಗೆ ಒಂದು ನ್ಯೂಮಾ ನೋಡ್‌ನ (ಕೆಲವು ಪ್ರೊಸೆಸರ್‌ಗಳು ಮತ್ತು ಅವುಗಳಿಗೆ ಹತ್ತಿರದ ಮೆಮೊರಿ ಸೇರಿದ ಗುಂಪಿನ) ಮೆಮೊರಿಯನ್ನು ಹೊರತೆಗೆಯಬೇಕಾದರೆ, ಅದರಲ್ಲಿ ಬಳಕೆಯಲ್ಲಿರುವ ಪ್ರತಿಯೊಂದು ಪುಟವನ್ನೂ (ಮೆಮೊರಿಯ ಚಿಕ್ಕ ತುಂಡನ್ನೂ) ಬೇರೆಡೆಗೆ ಸಾಗಿಸಲು ಸಾಧ್ಯವಿರಬೇಕು. ಬಳಕೆದಾರರ ಪ್ರೋಗ್ರಾಂಗಳ ಪುಟಗಳನ್ನು ಪೇಜ್ ಟೇಬಲ್ (ಪ್ರೋಗ್ರಾಂ ಬಳಸುವ ವಿಳಾಸ ಯಾವ ಭೌತಿಕ ಜಾಗದ್ದು ಎಂದು ಹೇಳುವ ಪಟ್ಟಿ) ತಿದ್ದಿ ಸಾಗಿಸಬಹುದು; ಆದರೆ ಕಾರ್ಯಾಚರಣಾ ವ್ಯವಸ್ಥೆಯ ತಿರುಳಾದ ಕರ್ನಲ್ ತನ್ನ ಸ್ವಂತ ದತ್ತಾಂಶದ ಬಹುಭಾಗವನ್ನು ಭೌತಿಕ ವಿಳಾಸಕ್ಕೆ ಸ್ಥಿರ ಅಂತರವೊಂದನ್ನು ಕೂಡಿಸಿ ಪಡೆದ ವಿಳಾಸದಿಂದಲೇ ತಲುಪುವುದರಿಂದ, ಅಂಥ ಒಂದೇ ಒಂದು ಪುಟ ಉಳಿದಿದ್ದರೂ ಆ ನೋಡ್ ಇಡಿಯಾಗಿ ಹೊರಬರುವುದಿಲ್ಲ.

ನಿಜವಾದ ತೊಡಕು ಇರುವುದು ಕಾಲಕ್ರಮದಲ್ಲಿ. ಯಾವ ಮೆಮೊರಿ ಕಳಚಬಹುದಾದದ್ದು ಎಂಬುದನ್ನು ಫರ್ಮ್‌ವೇರ್ (ಯಂತ್ರದೊಳಗೇ ಇರುವ ಆರಂಭಿಕ ತಂತ್ರಾಂಶ) ಎಸಿಪಿಐ ಎಂಬ ಮಾನದಂಡದ ಎಸ್‌ಆರ್‌ಎಟಿ ಕೋಷ್ಟಕದಲ್ಲಿ ತಿಳಿಸುತ್ತದೆ. ಆದರೆ ಅದನ್ನು ಓದುವ ಮೊದಲೇ ಮೆಮ್‌ಬ್ಲಾಕ್ ಎಂಬ ಆರಂಭಿಕ ಹಂಚಿಕೆ ವ್ಯವಸ್ಥೆ ಮೆಮೊರಿ ಕೊಡಲು ತೊಡಗಿರುತ್ತದೆ, ಅದೂ ಸಾಮಾನ್ಯವಾಗಿ ಮೇಲಿನ ವಿಳಾಸಗಳಿಂದ ಕೆಳಕ್ಕೆ. ಹಾಗಾಗಿ ಕರ್ನಲ್‌ನ ದತ್ತಾಂಶ ಕಳಚಬಹುದಾದ ಮೆಮೊರಿಯಲ್ಲೇ ಬೀಳುವ ಸಾಧ್ಯತೆಯಿದೆ. ‘ಮೂವಬಲ್_ನೋಡ್’ ಎಂಬ ಬೂಟ್ ಆಯ್ಕೆಯನ್ನು ಕೊಟ್ಟಾಗ ಎಕ್ಸ್86 (ಇಂಟೆಲ್, ಎಎಂಡಿ ಮಾದರಿಯ) ಯಂತ್ರಗಳಲ್ಲಿ ಈ ದಿಕ್ಕು ತಿರುಗಿ, ಕೆಳಗಿನ ವಿಳಾಸಗಳಿಂದ ಮೇಲಕ್ಕೆ ಹಂಚಿಕೆ ನಡೆಯುತ್ತದೆ; ಹಳೆಯ ಕರ್ನಲ್‌ಗಳಲ್ಲಿ ಅದು ಕರ್ನಲ್ ಇಮೇಜ್ (ಮೆಮೊರಿಗೆ ತಂದಿಟ್ಟ ಕರ್ನಲ್‌ನ ಪ್ರತಿ) ಮುಗಿದಲ್ಲಿಂದ ಶುರುವಾಗುತ್ತಿತ್ತು. ಕರ್ನಲ್ ಕುಳಿತಿರುವ ನೋಡ್ ಅನ್ನು ಹೇಗೂ ಕಳಚಲಾಗದು. ಕರ್ನಲ್‌ನ ಪಕ್ಕದ ಜಾಗವೂ ಬಹುತೇಕ ಅದೇ ನೋಡ್‌ಗೆ ಸೇರಿರುತ್ತದೆ ಎಂಬ ಈ ಸರಳ ಊಹೆ ನನಗೆ ಬಹಳ ಮೆಚ್ಚುಗೆಯಾದದ್ದು. ಕೋಷ್ಟಕ ಓದಿದ ಬಳಿಕ ಕಳಚಬಹುದಾದ ಪ್ರದೇಶಗಳಿಗೆ ಗುರುತು ಬೀಳುತ್ತದೆ, ಮೆಮ್‌ಬ್ಲಾಕ್ ಅವನ್ನು ಬಿಟ್ಟು ಸಾಗುತ್ತದೆ, ಮುಂದೆ ಅವು ಜೋನ್_ಮೂವಬಲ್‌ಗೆ, ಅಂದರೆ ಸಾಗಿಸಬಹುದಾದ ಪುಟಗಳಿಗೆಂದೇ ಮೀಸಲಾದ ವಲಯಕ್ಕೆ, ಸೇರುತ್ತವೆ.

ಇದಕ್ಕೆ ತೆರಬೇಕಾದ ಬೆಲೆಯೂ ಇದೆ. ಪೇಜ್ ಟೇಬಲ್, ಸ್ಲ್ಯಾಬ್ (ಕರ್ನಲ್‌ನ ಚಿಕ್ಕ ಚಿಕ್ಕ ದತ್ತಾಂಶಗಳಿಗೆ ಜಾಗ ಕೊಡುವ ವ್ಯವಸ್ಥೆ) ಮುಂತಾದ ಕರ್ನಲ್ ಹಂಚಿಕೆಗಳಿಗೆ ಆ ಜೋನ್ ಒದಗದ ಕಾರಣ, ಒಟ್ಟು ಮೆಮೊರಿ ಧಾರಾಳವಾಗಿದ್ದರೂ ಕರ್ನಲ್‌ಗೆ ಕೊರತೆ ತಲೆದೋರಬಹುದು. ಕರ್ನಲ್ ತನ್ನ ದತ್ತಾಂಶವನ್ನು ದೂರದ ನೋಡ್‌ನಿಂದ ಓದಬೇಕಾಗಿ ವೇಗವೂ ತಗ್ಗಬಹುದು. ಮೆಮೊರಿಯನ್ನು ನಿಜಕ್ಕೂ ಕಳಚುವ ಉದ್ದೇಶವಿಲ್ಲದ ಸರ್ವರ್‌ನಲ್ಲಿ ಈ ಆಯ್ಕೆಯನ್ನು ಹಾಕದಿರುವುದೇ ಸರಿ.