ಮೊಸರಿನ ಸ್ಲೈಡ್ ಅರ್ಧ ನೇರಳೆ, ಅರ್ಧ ಗುಲಾಬಿ ಬಂತು, ಯಾಕೆ?

ಪ್ರಶ್ನೆ: ಸರ್, ನಾನು ವಿಜಯಪುರದಲ್ಲಿ ಬಿಎಸ್‌ಸಿ ಎರಡನೇ ವರ್ಷ. ಪ್ರಾಕ್ಟಿಕಲ್‌ಗೆ ಮನೆಯಿಂದ ಮೊಸರು ಒಯ್ದು ಗ್ರಾಂ ಸ್ಟೇನ್ (ಬಣ್ಣ ಹಾಕಿ ಬ್ಯಾಕ್ಟೀರಿಯಾವನ್ನು ಎರಡು ಗುಂಪು ಮಾಡುವ ಪರೀಕ್ಷೆ) ಮಾಡಿದೆ. ಮೊಸರಿನ ಬ್ಯಾಕ್ಟೀರಿಯಾ ಗ್ರಾಂ ಪಾಸಿಟಿವ್, ನೇರಳೆ ಕಾಣಬೇಕು ಅಂತ ಪುಸ್ತಕದಲ್ಲಿದೆ. ನನಗೆ ಅರ್ಧ ಗುಲಾಬಿ ಬಂತು. ಮೊಸರು ಎರಡು ದಿನ ಹೊರಗೇ ಇತ್ತು. ಬೇರೆ ಜಾತಿ ಸೇರಿತ್ತಾ? ಬ್ಯಾಕ್ಟೀರಿಯಾದ ಗೋಡೆ ದಪ್ಪ ಇದ್ದರೆ ನೇರಳೆ, ತೆಳು ಇದ್ದರೆ ಗುಲಾಬಿ ಅಂತಾರೆ, ಆದರೆ ಆ ಗೋಡೆ ಏತರದ್ದು?

ಉತ್ತರ: ಎರಡು ದಿನ ಹೊರಗಿತ್ತು ಅಂದೆಯಲ್ಲ ತಂಗಿ, ಅರ್ಧ ಉತ್ತರ ಅಲ್ಲೇ ಇದೆ. ಮೊದಲು ಗೋಡೆ ನೋಡೋಣ.

ಮನೆಯಲ್ಲಿ ಅಜ್ಜಿ ಹೊಲಿದ ಕೌದಿ ಇದ್ದರೆ ಅದರ ಅಂಚು ಬಿಡಿಸಿ ನೋಡು. ಹಳೇ ಸೀರೆ, ಧೋತರ, ಪದರದ ಮೇಲೆ ಪದರ, ಎಲ್ಲವನ್ನೂ ಹಿಡಿದಿಟ್ಟ ಸಣ್ಣ ಸಣ್ಣ ಹೊಲಿಗೆ. ಗ್ರಾಂ ಪಾಸಿಟಿವ್ ಗೋಡೆ ಹೆಚ್ಚೂಕಡಿಮೆ ಹಾಗೇ. ಅದರ ಹೆಸರು ಪೆಪ್ಟಿಡೊಗ್ಲೈಕನ್. ಬಟ್ಟೆಯ ಎಳೆ ಅಂದರೆ ಸಕ್ಕರೆಯ ಸರಪಳಿ: ನೀವು ಕ್ಲಾಸಿನಲ್ಲಿ ನ್ಯಾಗ್, ನ್ಯಾಮ್ ಅಂತೀರಲ್ಲ, ಆ ಎರಡು ಬಗೆಯ ಸಕ್ಕರೆ ಒಂದಾದ ಮೇಲೊಂದು. ಹೊಲಿಗೆ ಅಂದರೆ ನ್ಯಾಮ್‌ಗೆ ಜೋತುಬಿದ್ದ ಅಮೈನೊ ಆಮ್ಲದ ಸಣ್ಣ ಬಾಲಗಳು. ಪಕ್ಕದ ಸರಪಳಿಯ ಬಾಲಕ್ಕೆ ಕೊಂಡಿ ಬಿದ್ದರೆ ಗೋಡೆ ಗಟ್ಟಿ. ದಪ್ಪ 20ರಿಂದ 80 ನ್ಯಾನೋಮೀಟರ್. ಇಷ್ಟು ಗಟ್ಟಿ ಬೇಕೇ ಬೇಕು, ಯಾಕಂದರೆ ಕೆಲವು ಗ್ರಾಂ ಪಾಸಿಟಿವ್‌ಗಳಲ್ಲಿ ಒಳಗಿನ ಒತ್ತಡ ಸುಮಾರು 20 ವಾತಾವರಣದಷ್ಟು, ಕಾರಿನ ಟೈರಿನ ಗಾಳಿಗಿಂತ ಎಂಟು ಹತ್ತು ಪಟ್ಟು ಜಾಸ್ತಿ.

ಈ ಹೊಲಿಗೆ ನನಗೆ ಬಹಳ ಇಷ್ಟದ ವಿಷಯ. ಬಾಲದಲ್ಲಿ ಮೊದಲು ಐದು ಅಮೈನೊ ಆಮ್ಲ ಇರುತ್ತವೆ, ತುದಿಯ ಎರಡೂ ಡಿ-ಅಲನಿನ್. ಹೊಲಿಯುವ ಕಿಣ್ವ ಬಂದು ಕೊನೆಯದನ್ನು ಕಿತ್ತೊಗೆದು, ನಾಲ್ಕನೆಯದನ್ನು ಪಕ್ಕದ ಬಾಲಕ್ಕೆ ಸೇರಿಸುತ್ತದೆ. ಪೆನಿಸಿಲಿನ್‌ನ ಆಕಾರ ಆ ತುದಿಯನ್ನೇ ಹೋಲುತ್ತದೆ. ಪಾಪ, ಕಿಣ್ವ ಇದೇ ಬಾಲ ಅಂದುಕೊಂಡು ಹಿಡಿಯುತ್ತದೆ, ಮತ್ತೆ ಬಿಡಿಸಿಕೊಳ್ಳೋಕೆ ಆಗಲ್ಲ. ಇತ್ತ ಬೆಳೆಯೋಕೆ ಜಾಗ ಮಾಡಲು ಹಳೇ ಹೊಲಿಗೆ ಕತ್ತರಿಸುವ ಕಿಣ್ವಗಳು ಮಾತ್ರ ತಮ್ಮ ಕೆಲಸ ನಿಲ್ಲಿಸುವುದಿಲ್ಲ. ಕತ್ತರಿ ನಡೆದಿದೆ, ಸೂಜಿ ನಿಂತಿದೆ. ಕೊನೆಗೆ ಒಡೆಯುತ್ತದೆ. ನಮ್ಮ ಜೀವಕೋಶಕ್ಕೆ ಈ ಗೋಡೆಯೇ ಇಲ್ಲ, ಹಾಗಾಗಿ ಆ ಔಷಧ ನಮ್ಮ ಕೋಶಗಳ ತಂಟೆಗೆ ಬರುವುದಿಲ್ಲ.

ಗುಲಾಬಿ ಕಾಣುವ ಗ್ರಾಂ ನೆಗೆಟಿವ್ ಬ್ಯಾಕ್ಟೀರಿಯಾದಲ್ಲಿ, ಉದಾಹರಣೆಗೆ ಇ. ಕೋಲಿಯಲ್ಲಿ, ಕೌದಿ ಇಲ್ಲ, ಒಂದೆರಡು ಪದರದ ತೆಳು ಬಟ್ಟೆ. ಅದರ ಮೇಲೆ ತಾಡಪತ್ರಿ ಹೊದಿಸಿದ ಹಾಗೆ ಜಿಡ್ಡಿನ ಇನ್ನೊಂದು ಪೊರೆ. ಕಣ್ಣೀರಿನಲ್ಲಿ, ಮೊಟ್ಟೆಯ ಬಿಳಿಯಲ್ಲಿ ಲೈಸೊಜೈಮ್ ಅನ್ನೋ ಕಿಣ್ವ ಇದೆ, ಅದು ಹೊಲಿಗೆ ಬಿಟ್ಟು ಎಳೆಯನ್ನೇ ಕತ್ತರಿಸುತ್ತದೆ. ಅಲೆಕ್ಸಾಂಡರ್ ಫ್ಲೆಮಿಂಗ್ ಪೆನಿಸಿಲಿನ್‌ಗಿಂತ ಮೊದಲೇ, 1922ರಲ್ಲಿ, ಇದರ ಬಗ್ಗೆ ಬರೆದಿದ್ದರು. ಈ ತಾಡಪತ್ರಿ ಇದ್ದರೆ ಅದಕ್ಕೂ ಒಳಗೆ ಹೋಗೋದು ಕಷ್ಟ.

ಈಗ ನಿನ್ನ ಸ್ಲೈಡ್. 1884ರಲ್ಲಿ ಬರ್ಲಿನ್‌ನಲ್ಲಿ ಕೆಲಸ ಮಾಡುತ್ತಿದ್ದ ಡೆನ್ಮಾರ್ಕಿನ ಹಾನ್ಸ್ ಕ್ರಿಶ್ಚಿಯನ್ ಗ್ರಾಂ ಈ ವಿಧಾನ ಪ್ರಕಟಿಸಿದಾಗ ಗೋಡೆ ಯಾರ ಕಣ್ಣಿಗೂ ಬಿದ್ದಿರಲಿಲ್ಲ. ಮೊದಲು ಹಾಕುವ ನೇರಳೆ ಬಣ್ಣ ಕ್ರಿಸ್ಟಲ್ ವಯೊಲೆಟ್ ಎಲ್ಲಾ ಬ್ಯಾಕ್ಟೀರಿಯಾಕ್ಕೂ ಹತ್ತುತ್ತದೆ. ಅಯೋಡಿನ್ ಸೇರಿದ ಮೇಲೆ ಆ ಬಣ್ಣ ಗಂಟು ಕಟ್ಟುತ್ತದೆ. ಆಲ್ಕೋಹಾಲ್ ಬಿದ್ದಾಗ ಕೌದಿ ಬಿಗಿದುಕೊಂಡು ಗಂಟನ್ನು ಒಳಗೇ ಹಿಡಿದಿಡುತ್ತದೆ. ತಾಡಪತ್ರಿ ಕರಗಿ, ತೆಳು ಬಟ್ಟೆಯಿಂದ ಬಣ್ಣ ಸೋರಿಹೋಗುತ್ತದೆ, ಆಮೇಲೆ ಹಾಕಿದ ಸಾಫ್ರನಿನ್ ಅನ್ನೋ ಎರಡನೇ ಬಣ್ಣ ಗುಲಾಬಿ ಕಾಣುತ್ತದೆ. ಅಂದರೆ ಬಣ್ಣ ಹೇಳೋದು ಗೋಡೆ ಇವತ್ತು ಹೇಗಿದೆ ಅಂತ. ಜಾತಿ ಯಾವುದು ಅಂತ ಅಲ್ಲ.

ನಿಮ್ಮೂರಿನ ಬಿಸಿಲಿಗೆ ಎರಡು ದಿನದ ಮೊಸರು ಅಂದರೆ ಹುಳಿ ಏರಿ ಎಷ್ಟೋ ಬ್ಯಾಕ್ಟೀರಿಯಾ ಸತ್ತಿರುತ್ತವೆ. ಅಲ್ಲೂ ಅದೇ ಕಥೆ, ಹೊಲಿಗೆ ನಿಂತು ಕತ್ತರಿ ಉಳಿದಿರುತ್ತದೆ. ಹರಿದ ಕೌದಿಯಲ್ಲಿ ಬಣ್ಣ ನಿಲ್ಲುತ್ತಾ? ಆಯಿಲ್ ಇಮ್ಮರ್ಶನ್ (ಎಣ್ಣೆಯ ಹನಿ ಹಾಕಿ ನೋಡುವ ಮೈಕ್ರೋಸ್ಕೋಪ್ ಲೆನ್ಸ್) ಹಾಕಿ ಮಣಿಸರದಂಥ ಬ್ಯಾಕ್ಟೀರಿಯಾದ ಒಂದು ಸಾಲನ್ನು ಹುಡುಕು. ಒಂದೇ ಸರದಲ್ಲಿ ಎರಡು ಮಣಿ ನೇರಳೆ, ಮೂರನೆಯದು ಗುಲಾಬಿ ಇದ್ದರೆ ಅದು ಒಂದೇ ಜಾತಿ, ಮುದಿಯಾಗಿದೆ ಅಷ್ಟೇ. ಗುಲಾಬಿಯವು ಆಕಾರದಲ್ಲೇ ಬೇರೆ ಇದ್ದು, ದೂರ ದೂರ ಇದ್ದರೆ ಆಗ ಬೇರೆ ಏನೋ ಸೇರಿದೆ ಅನ್ನಬಹುದು. ಆಕಾರವೇ ಇಲ್ಲದ ಗುಲಾಬಿ ಮುದ್ದೆ ಕಂಡರೆ ಅದು ಹಾಲಿನ ಪ್ರೋಟೀನು, ಬಿಟ್ಟುಬಿಡು.

ಇನ್ನೊಂದು ಅನುಮಾನ ಆಲ್ಕೋಹಾಲಿನ ಮೇಲೆ. ನಾನು ಬೆಳಗಾವಿಯಲ್ಲಿ ಓದುವಾಗ ಗೆಳೆಯನ ಜೊತೆ ಮಾತಾಡ್ತಾ ಸುಮ್ನೆ ಸುರಿಯುತ್ತಾ ನಿಂತು, ಪೂರಾ ಸ್ಲೈಡ್ ಗುಲಾಬಿ ಮಾಡಿ ಬೈಸಿಕೊಂಡಿದ್ದೆ. 10-15 ಸೆಕೆಂಡ್ ಸಾಕು, ತಕ್ಷಣ ನೀರು ಬಿಡು. ಮುಂದಿನ ಸಲ ರಾತ್ರಿ ಹೆಪ್ಪು ಹಾಕಿ ಬೆಳಗ್ಗೆ ಒಯ್ಯಿ. ಒಂದು ಹನಿಯನ್ನು ನೀರಿನಲ್ಲಿ ಚೆನ್ನಾಗಿ ತೆಳು ಮಾಡಿ ಸ್ಲೈಡಿನ ಮೇಲೆ ಸ್ಮಿಯರ್ (ತೆಳು ಲೇಪ) ಎಳೆ. ಅದೇ ಸ್ಲೈಡಿನ ಇನ್ನೊಂದು ತುದಿಗೆ ನಿನ್ನ ಹಲ್ಲಿನ ಸಂದಿಯದ್ದು ಸ್ವಲ್ಪ ಕೆರೆದು ಹಚ್ಚು, ಅಲ್ಲಿ ಎರಡೂ ಬಣ್ಣದವು ಇರುತ್ತವೆ. ಅಲ್ಲೂ ಬರೀ ಗುಲಾಬಿ ಕಂಡರೆ ಮೊಸರಿನದು ತಪ್ಪಲ್ಲ, ನಿನ್ನ ಕೈಯದು.