‘ಬೈಂಡಿಂಗ್‌ಗೆ ಹೋಗಿದೆ’

ಪ್ರಶ್ನೆ: ನಮ್ಮೂರ ಗ್ರಂಥಾಲಯದಲ್ಲಿ ಈಚೆಗೆ ಕೆಲಸಕ್ಕೆ ಸೇರಿದ್ದೇನೆ. ಮೊನ್ನೆ ಹಿರಿಯರೊಬ್ಬರು ಒಂದು ಕಾದಂಬರಿಯನ್ನು ಮೇಜಿನ ಮೇಲೆ ಕುಕ್ಕಿ, ‘ಮಕ್ಕಳು ಓಡಾಡೋ ಜಾಗ, ಇಂಥದ್ದನ್ನೆಲ್ಲ ತೆಗೆದುಬಿಡಮ್ಮ’ ಅಂದರು. ಜಗಳ ಯಾಕೆ ಅಂತ ತೆಗೆದಿಡಲೇ? ನೀವಾಗಿದ್ದರೆ ಏನು ಮಾಡ್ತಿದ್ರಿ?
– ಓದುಗಿ, ಹಾವೇರಿ ಜಿಲ್ಲೆ

ಉತ್ತರ: ನಾನು ಮಾಡಿದ್ದನ್ನೇ ಹೇಳುತ್ತೇನೆ, ನಗಬೇಡಿ. ಕೆಲಸಕ್ಕೆ ಸೇರಿದ ಎರಡನೇ ವರ್ಷ ಇಂಥದ್ದೇ ಪುಸ್ತಕವೊಂದನ್ನು ಬೀರುವಿನಲ್ಲಿಟ್ಟು ಬೀಗ ಹಾಕಿದೆ. ಕೇಳಿದವರಿಗೆ ‘ಬೈಂಡಿಂಗ್‌ಗೆ ಹೋಗಿದೆ’ ಅನ್ನುತ್ತಿದ್ದೆ. ಕಾಲೇಜು ಹುಡುಗಿಯೊಬ್ಬಳು ನಾಲ್ಕು ಸಲ ಬಂದು ಕೇಳಿದಳು. ಐದನೇ ಸಲ ಬರಲಿಲ್ಲ. ಸರ್ಕಾರ ನಿಷೇಧ ಹಾಕಿರಲಿಲ್ಲ, ಮೇಲಿನವರ ಆದೇಶವೂ ಇರಲಿಲ್ಲ. ಬೀಗ ಹಾಕಿದ್ದು ನಾನೇ. ‘ಪ್ರತಿ ಓದುಗನಿಗೂ ಅವನ ಪುಸ್ತಕ, ಪ್ರತಿ ಪುಸ್ತಕಕ್ಕೂ ಅದರ ಓದುಗ’ ಎಂದು ನಮ್ಮ ಗ್ರಂಥಾಲಯ ಶಾಸ್ತ್ರದ ಗುರು ಎಸ್.ಆರ್. ರಂಗನಾಥನ್ 1931ರಲ್ಲೇ ಬರೆದದ್ದನ್ನು ಪರೀಕ್ಷೆಗೆ ಬಾಯಿಪಾಠ ಮಾಡಿದ್ದವನೂ ನಾನೇ!

ಆಮೇಲೆ ಗ್ರೆಚೆನ್ ನೀಫ್ ಕತೆ ಓದಿ ನಾಚಿಕೆಯಾಯಿತು. ಅಮೆರಿಕದ ಕ್ಯಾಲಿಫೋರ್ನಿಯಾದ ಕರ್ನ್ ಕೌಂಟಿಯ (ಕೌಂಟಿ ಅಂದರೆ ನಮ್ಮ ಜಿಲ್ಲೆಯ ಹಾಗೆ) ಗ್ರಂಥಪಾಲಕಿ ಆಕೆ. ಗುಳೆ ಬಂದ ಕೂಲಿಗಳ ಪಾಡು ಹೇಳುವ ಸ್ಟೈನ್‌ಬೆಕ್ ಕಾದಂಬರಿ ‘ದ ಗ್ರೇಪ್ಸ್ ಆಫ್ ರಾತ್’ ಬಂದದ್ದು 1939ರಲ್ಲಿ. ಕತೆ ಆ ಸೀಮೆಯದ್ದೇ ಆದ್ದರಿಂದ ಅಲ್ಲಿನ ದೊಡ್ಡ ಜಮೀನುದಾರರಿಗೆ ಉರಿ. ಆಗಸ್ಟ್‌ನಲ್ಲಿ ಕೌಂಟಿಯ ಆಡಳಿತ ಮಂಡಳಿ ನಾಲ್ಕು–ಒಂದು ಮತದಿಂದ ಅದನ್ನು ಗ್ರಂಥಾಲಯ, ಶಾಲೆಗಳಿಂದ ಹೊರಗೆ ಹಾಕಿತು. ನೀಫ್ ಆಜ್ಞೆ ಮೀರಲಿಲ್ಲ, ಹೊಟ್ಟೆಪಾಡು ಅಲ್ವಾ. ಆದರೆ ಸುಮ್ನೆ ಕೂರಲೂ ಇಲ್ಲ. ಪುಸ್ತಕ ತಡೆದರೆ ವಿಚಾರ ಸಾಯುವುದಿಲ್ಲ ಎಂದು ಮಂಡಳಿಗೇ ಕಾಗದ ಬರೆದರು. 1941ರಲ್ಲಿ ನಿಷೇಧ ಹೋಯಿತು. ನನ್ನ ಬೀರುವಿನ ವಿಷಯದಲ್ಲಿ ಕಾಗದ ಬರೆಯೋಣವೆಂದರೆ ಯಾರಿಗೆ ಬರೆಯೋದು?

ಆ ಹಿರಿಯರನ್ನು ಕೂರಿಸಿ, ನೀರು ಕೊಡಿ. ಪೂರ್ತಿ ಓದಿದ್ದೀರಾ, ಯಾವ ಪುಟ ಸರಿಬರಲಿಲ್ಲ ಅಂತ ಕೇಳಿ. ದೂರನ್ನು ಬರವಣಿಗೆಯಲ್ಲಿ ಪಡೆದು ಮೇಲಿನವರಿಗೆ ಕಳಿಸಿ. ತೀರ್ಮಾನ ಆಗುವವರೆಗೆ ಪುಸ್ತಕ ರ್‍ಯಾಕಿನಲ್ಲೇ ಇರಲಿ. ಮಕ್ಕಳ ವಿಭಾಗದಲ್ಲಿ ಸೇರಿಕೊಂಡಿದ್ದರೆ ಮಾತ್ರ ದೊಡ್ಡವರ ಕಡೆ ಇಡಿ, ಅದು ಬಚ್ಚಿಡುವುದಲ್ಲ. ಇನ್ನೊಂದು ಮಾತು. ‘ಇದನ್ನ ಯಾರ್‍ಯಾರು ಒಯ್ದಿದ್ದಾರೆ ತೋರಿಸು’ ಅಂತ ಕೇಳುವವರೂ ಬರುತ್ತಾರೆ. ಎರವಲು ರಿಜಿಸ್ಟರ್ ತಿರುಗಿಸಿ ತೋರಿಸಬೇಡಿ. ಊರು ಚಿಕ್ಕದು, ಓದುವ ಹೆಣ್ಣುಮಕ್ಕಳು ಮತ್ತೆ ಈ ಕಡೆ ಬರದಿರಲು ಅದೇ ಸಾಕು.

ಬರೆದು ಕೊಡಿ ಅಂದರೆ ಹೆಚ್ಚಿನವರು ಎದ್ದು ಹೋಗುತ್ತಾರೆ. ನನ್ನಲ್ಲಿ ಒಬ್ಬರು ಮಾತ್ರ, ದೂರು ಬರೆಯೋಕೇ ಅಂತ ಪುಸ್ತಕ ಮನೆಗೆ ಒಯ್ದರು. ಹನ್ನೊಂದು ದಿನ ತಡವಾಗಿ ತಂದರು. ದೂರು ತಂದಿರಲಿಲ್ಲ. ದಂಡ ಕಟ್ಟಿಸಿಕೊಂಡೆ.